ಗುಲಾಬಿ ಮಿಠಾಯಿಯೊಳಗಿನ ಹುಳ

ಕಾಲೇಜಿಗೆ ಸೇರಿದ ಮೊದಲ ವರ್ಷ ಇಡೀ ಮಣ್ಣಗುಡ್ಡದಲ್ಲಿ ನನ್ನಷ್ಟು ಜಾಣೆ ಇನ್ನೊಬ್ಬಳಿರಲಿಲ್ಲ. ಹಾಗೆಂದು ನಾನೇ ತಿಳಿದುಕೊಂಡಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಬೀದಿಯಿಂದ ವಿಜ್ಞಾನ ಓದಲು ಹೊರಟ ಮೊದಲ ಹುಡುಗಿ ನಾನು. ಸಾಯಂಕಾಲ ಬಂದವಳೇ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಅಂದು ಕಲಿತದ್ದನ್ನೆಲ್ಲ ಅಮ್ಮನ ತಲೆಗೆ ಸುರಿಯುತ್ತಿದ್ದೆ. ಮೀನಿನ ಹೃದಯ ಎಲ್ಲಿದೆ, ಕಿವಿರು ಹೇಗೆ ಕೆಲಸ ಮಾಡುತ್ತದೆ, ಎಲ್ಲ. ಅಮ್ಮ ಬಂಗುಡೆ ಮೀನಿನ ಹೊಟ್ಟೆ ಸೀಳುತ್ತಾ, "ಅದು ನನಗೂ ಗೊತ್ತುಂಟು ಮಾರಾಯ್ತಿ, ಇದಕ್ಕೆ ಫೀಸು ಬೇರೆ ಕೊಡ್ಬೇಕಾ?" ಅನ್ನುತ್ತಿದ್ದಳು. ತುಂಬಿದ ಕೊಡ ತುಳುಕುವುದಿಲ್ಲವಂತೆ. ನನ್ನದು ಕೊಡವೂ ಅಲ್ಲ, ಒಂದು ಚೊಂಬು. ಅದೂ ಅರ್ಧ.

ನಮ್ಮದು ಮನೆಯೊಳಗೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಕುಟುಂಬ. ಪಕ್ಕದ ಮನೆಯಲ್ಲಿ ತುಳು ಮಾತಾಡುವ ಜೈನ ಹೆಂಗಸೊಬ್ಬರು ಒಬ್ಬರೇ ಇದ್ದರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಅಮ್ಮ ಅವರನ್ನು ಗೌರವದಿಂದ 'ಅಕ್ಕೆರ್', ಅಂದರೆ ಅಕ್ಕನವರು, ಎದುರಿಗಾದರೆ 'ಅಕ್ಕೆರೆ' ಎಂದು ಕರೆದರೆ ಅವರು ಅಮ್ಮನನ್ನು 'ಬಾಯಮ್ಮ' ಎನ್ನುತ್ತಿದ್ದರು. ಎರಡು ಮನೆಗೂ ಒಂದೇ ಬಾವಿ. ಅಕ್ಕೆರ್ ಕೊಡದ ಬಾಯಿಗೆ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ ನೀರು ಸೋಸುತ್ತಿದ್ದರು. ಕಣ್ಣಿಗೆ ಕಾಣದ ಜೀವವೇನಾದರೂ ಬಟ್ಟೆಗೆ ಸಿಕ್ಕಿಕೊಂಡಿದ್ದರೆ ಸಾಯಬಾರದೆಂದು, ಆ ಬಟ್ಟೆಯನ್ನು ತೊಳೆದ ನೀರನ್ನು ಮೆಲ್ಲನೆ ಬಾವಿಗೇ ಇಳಿಸುತ್ತಿದ್ದರು. ಕತ್ತಲಾಗುವ ಮೊದಲೇ ಅವರ ಊಟ ಮುಗಿಯುತ್ತಿತ್ತು, ದೀಪಕ್ಕೆ ಬರುವ ಹುಳ ಬಟ್ಟಲಿಗೆ ಬಿದ್ದೀತೆಂದು. ನಮ್ಮ ಮನೆಯ ಮೀನಿನ ವಾಸನೆಯ ಬಗ್ಗೆ ಮಾತ್ರ ಒಂದು ದಿನವೂ ಒಂದು ಮಾತು ಆಡಿದವರಲ್ಲ. ಹಾಗಂತ ನಮ್ಮ ಅಡುಗೆಮನೆಯ ಹತ್ತಿರ ಸುಳಿದವರೂ ಅಲ್ಲ.

ನಾವು ಆ ಮನೆಗೆ ಬಂದ ಮೊದಲ ಕ್ರಿಸ್ಮಸ್ಸಿಗೆ ಅಮ್ಮ ನೆರೆಹೊರೆಗೆಲ್ಲ ಕುಸ್ವಾರ್ ಹಂಚಿದಳು. ಕುಸ್ವಾರ್ ಎಂದರೆ ಹಬ್ಬದ ತಿಂಡಿಗಳ ತಟ್ಟೆ: ಕರ್ಜಿಕಾಯಿಯಂಥ ನೆವ್ರಿ, ಹಿಟ್ಟನ್ನು ಸುರುಳಿ ಸುತ್ತಿ ಕರಿದ ಕಿಡಿಯೊ, ಚಕ್ಕುಲಿ, ಕೇಕು. ಅಕ್ಕೆರ್ ನಗುತ್ತಾ ತಟ್ಟೆ ತೆಗೆದುಕೊಂಡರು, ಅದರಲ್ಲಿದ್ದ ಬಾಳೆಹಣ್ಣು ಇಟ್ಟುಕೊಂಡರು, ಉಳಿದದ್ದನ್ನು ನಗುತ್ತಲೇ ವಾಪಸು ಕೊಟ್ಟರು. ಅಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೆ ಅವಳೂ ಹಠವಾದಿ. ಮರುವರ್ಷ ನೇರ ಬಾವಿಕಟ್ಟೆಗೆ ಹೋಗಿ, "ಅಕ್ಕೆರೆ, ನಿಮಗೆ ಎಂತ ಆಗ್ತದೆ, ಎಂತ ಆಗುದಿಲ್ಲ, ಹೇಳಿ. ಹಾಗೇ ಮಾಡ್ತೇನೆ" ಎಂದಳು. ಅವರು ಹೇಳಿದರು, ಇವಳು ಮಾಡಿದಳು.

ಅಂದಿನಿಂದ ಪ್ರತಿ ಡಿಸೆಂಬರಿನಲ್ಲಿ ಒಂದು ದಿನ ನಮ್ಮ ಮನೆಯಲ್ಲಿ ಮೀನಿಲ್ಲ, ಮೊಟ್ಟೆಯಿಲ್ಲ. ಅಕ್ಕೆರ್‌ಗೆಂದೇ ಎತ್ತಿಟ್ಟ ಬಾಣಲೆ, ಅವರಿಗೆಂದೇ ಬೇರೆ ಸೌಟು. ಅಮ್ಮ ಮಿಂದು ಬಂದು, ಅವರ ಹಾಗೆಯೇ ಬಟ್ಟೆಯಲ್ಲಿ ನೀರು ಸೋಸಿ, ಉರ್ವ ಮಾರ್ಕೆಟ್ಟಿನಿಂದ ತಂದ ತೆಂಗಿನಕಾಯಿ ತುರಿದು ಸಕ್ಕರೆ ಪಾಕದಲ್ಲಿ ಕಾಸುತ್ತಿದ್ದಳು. ಅರ್ಧ ಬಿಳಿ ಮಿಠಾಯಿ, ಅರ್ಧ ಗುಲಾಬಿ. ಆ ಗುಲಾಬಿ ಬಣ್ಣಕ್ಕೆ ಹಂಪನಕಟ್ಟೆಯ ಅಂಗಡಿಯಿಂದ ತಂದ ಒಂದು ಪುಟ್ಟ ಕೆಂಪು ಬಾಟ್ಲಿಯಿತ್ತು, ಮೂರು ಹನಿ ಹಾಕಿದರೆ ಸಾಕು. ಅಕ್ಕೆರ್ ತಟ್ಟೆಯ ಮೇಲಿನ ಬಟ್ಟೆ ಸರಿಸಿ ಮೊದಲು ಎತ್ತಿಕೊಳ್ಳುತ್ತಿದ್ದದ್ದು ಗುಲಾಬಿಯದ್ದನ್ನೇ. "ಬಣ್ಣ ನೋಡಿದ್ರೇ ಮನಸ್ಸಿಗೆ ಖುಷಿ, ಬಾಯಮ್ಮ" ಎನ್ನುತ್ತಿದ್ದರು. ಹೊರಗಿನವರ ಕೈಯಿಂದ ಅವರು ತಿನ್ನುತ್ತಿದ್ದದ್ದು ಇಡೀ ವರ್ಷದಲ್ಲಿ ಅದೊಂದೇ. ಅಮ್ಮನಿಗೆ ಅದರ ಹೆಮ್ಮೆ ಎಷ್ಟಿತ್ತೆಂದರೆ, ಇಗರ್ಜಿಯಲ್ಲಿ ಭಾನುವಾರದ ಪೂಜೆಗೆ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಹೀಗೆ ಏಳೆಂಟು ವರ್ಷ ನಡೆಯಿತು. ಆಮೇಲೆ ನಾನು ಜಾಣೆಯಾದೆ.

ಡಿಸೆಂಬರಿನ ಮೊದಲ ವಾರ, ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಚಪ್ಪಟೆ ಹುಳವೊಂದನ್ನು ಗಾಜಿನ ಮೇಲಿಟ್ಟು ಅದಕ್ಕೆ ಕಾರ್ಮೈನ್ ಎಂಬ ಕೆಂಪು ಬಣ್ಣ ಏರಿಸುತ್ತಿದ್ದೆವು. ಪಾಠ ಮಾಡುವ ಮಿಸ್ ಹೇಳಿದರು: "ಈ ಬಣ್ಣ ಎಲ್ಲಿಂದ ಬರ್ತದೆ ಗೊತ್ತುಂಟಾ? ಪಾಪಾಸುಕಳ್ಳಿ ಮೇಲೆ ಕೂತುಕೊಳ್ಳುವ ಒಂದು ಹುಳ. ಒಣಗಿಸಿ ಪುಡಿ ಮಾಡುದು. ನೀವು ಕೇಕಿಗೆ ಹಾಕುವ ಕೊಚಿನೀಲ್ ಉಂಟಲ್ಲ, ಅದೂ ಇದೇ." ಹುಡುಗಿಯರೆಲ್ಲ ಛೀ ಎಂದರು. ನನಗೋ ಮನೆಗೆ ಯಾವಾಗ ಮುಟ್ಟುತ್ತೇನೋ ಎಂಬ ಅವಸರ. ಬಸ್ಸಿಳಿದು ಓಡಿಬಂದು ಕಪಾಟಿನಿಂದ ಬಾಟ್ಲಿ ತೆಗೆದು ನೋಡಿದೆ. ಚೀಟಿಯ ಮೇಲೆ ಅದೇ ಹೆಸರು: ಕೊಚಿನೀಲ್.

"ಅಮ್ಮಾ, ನೋಡು! ನಾವು ಕಿಡಿಯೊ, ಹುಳಗಳು ಅಂತ ಹೆಸರಿಟ್ಟದ್ರಲ್ಲಿ ಒಂದು ಹುಳವೂ ಇಲ್ಲ. ಆಚೆಮನೆಯ ಅಕ್ಕೆರ್ ಪ್ರತಿ ವರ್ಷ ತಿನ್ನುವ ಮಿಠಾಯಿಯಲ್ಲೇ ನಿಜವಾದ ಹುಳ ಉಂಟು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಮ್ಮ ನಗಲಿಲ್ಲ. ಹಿಟ್ಟಿನ ಕೈಯಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಯೇಸುವೇ," ಎಂದಳು, "ನೀರು ಸೋಸಿ ಸೋಸಿ ಹುಳ ಕಲಸಿ ಕೊಟ್ಟೆನಲ್ಲ."

ನನಗೆ ಆಗ ಹೊಳೆಯಿತು, ನಾನು ಎಂಥ ಮಾತಾಡಿದೆ ಎಂದು. ನನ್ನ ಬಾಯಿಗಿಷ್ಟು ಬೆಂಕಿ ಹಾಕ! "ಅಮ್ಮ, ಅವ್ರಿಗೆ ಯಾರು ಹೇಳ್ತಾರೆ? ಈ ಸಲ ಹಾಕ್ಬೇಡ, ಮುಗೀತಲ್ಲ" ಎಂದೆ. ಅಮ್ಮ ಶನಿವಾರ ಸಾಯಂಕಾಲ ಇಗರ್ಜಿಗೆ, ಪಾಪನಿವೇದನೆಗೆ ಹೋದಳು. ತಿಳಿಯದೆ ಮಾಡಿದ್ದು ಪಾಪವೇ ಅಲ್ಲ, ಒಂದು ನಮೋ ಮರಿಯ ಪ್ರಾರ್ಥನೆ ಹೇಳಿ ಮನೆಗೆ ಹೋಗಿ ಎಂದರಂತೆ ಪಾದ್ರಿಗಳು. ಅಮ್ಮ ಸಿಟ್ಟಿನಲ್ಲಿ ತಲೆಯ ಮೇಲಿನ ಸೆರಗು ಕೊಡವುತ್ತಾ ಬಂದಳು. "ನನ್ನದು ಹೋಯ್ತು. ಅವರ ವ್ರತದ್ದು ಎಂತ ಕಥೆ? ಅದನ್ನು ಈ ಪಾದ್ರಿಗಳು ಸರಿ ಮಾಡ್ತಾರಾ?"

ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಹೇಳಿಯೇಬಿಟ್ಟಳು. ಹಿಂದೆ ನಾನಿದ್ದೆ, ಕಾಲಿನ ಹೆಬ್ಬೆರಳು ನೋಡಿಕೊಂಡು. ಅಕ್ಕೆರ್ ಹಗ್ಗ ಹಿಡಿದವರು ಹಿಡಿದೇ ಇದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊಡ ಮೇಲೆಳೆದು ಕಟ್ಟೆಯ ಮೇಲಿಟ್ಟು ನನ್ನ ಕಡೆ ತಿರುಗಿ ಕೇಳಿದರು: "ಮೂರು ಹನಿಗೆ ಎಷ್ಟು ಹುಳ ಆಗ್ತದೆ, ಮಗಾ?"

"ಗೊತ್ತಿಲ್ಲ, ಅಕ್ಕೆರೆ" ಎಂದೆ. ಆ ವರ್ಷ ನಾನು ಗೊತ್ತಿಲ್ಲ ಎಂದದ್ದು ಅದೇ ಮೊದಲು.

ಅವರು ಕೊಡ ಎತ್ತಿಕೊಂಡು ಒಳಗೆ ಹೋದರು. ಮೂರು ದಿನ ಅವರ ಒಲೆ ಉರಿಯಲಿಲ್ಲ, ಹಂಚಿನ ಮಾಡಿನ ಮೇಲೆ ಹೊಗೆ ಕಾಣಲಿಲ್ಲ. ಉಪವಾಸ ಎಂದು ಅಮ್ಮನಿಗೆ ತಿಳಿಯಿತು. ಅಮ್ಮನೂ ಮೂರು ದಿನ ಬರೀ ಗಂಜಿ ಕುಡಿದಳು, ನಮಗೂ ಅದೇ ಬಡಿಸಿದಳು. ಗಂಜಿ, ಉಪ್ಪಿನಕಾಯಿ, ಮತ್ತೆ ಗಂಜಿ. "ಒಂದು ಹುಳಕ್ಕೆ ಊರೆಲ್ಲ ಉಪವಾಸವಾ?" ಎಂದು ನಾನು ಸಿಡಿದೆ. ಸಿಟ್ಟು ನನಗೆ ನನ್ನ ಮೇಲೆಯೇ ಇತ್ತು.

ಆಮೇಲೆ ಅಕ್ಕೆರ್ ನೀರಿಗೆ ಬರುವ ಹೊತ್ತೇ ಬದಲಾಯಿತು. ಅಮ್ಮ ಕಟ್ಟೆಯ ಹತ್ತಿರ ಅವರಿಗಾಗಿ ಕಾದು ನಿಂತು ಖಾಲಿ ಕೊಡ ಹಿಡಿದು ವಾಪಸು ಬರುತ್ತಿದ್ದಳು. ನೋಡಲಾಗದೆ ನಾನು ಮತ್ತೆ ವಿಜ್ಞಾನಕ್ಕೆ ಕೈ ಹಾಕಿದೆ. "ಬೀಟ್ರೂಟ್ ರಸ ಹಾಕು. ಅಪ್ಪಟ ತರಕಾರಿ!" ಎಂದೆ. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದು ಗಡ್ಡೆ. ಮಣ್ಣಿನೊಳಗೆ ಬೆಳೆದದ್ದು ಅವ್ರಿಗೆ ಆಗುದಿಲ್ಲ. ಇಷ್ಟು ವರ್ಷ ಪಕ್ಕದಲ್ಲಿದ್ದು ಅಷ್ಟೂ ಗೊತ್ತಿಲ್ವಾ ನಿನಗೆ? ಕಾಲೇಜಂತೆ ಕಾಲೇಜು!" ಎಂದಳು. ಬಾಯಿ ಮುಚ್ಚಿಕೊಂಡು ಓದಲು ಕೂತೆ.

ಆ ಸಲ ಅಮ್ಮ ತೆಂಗಿನ ಮಿಠಾಯಿ ಮಾಡುವುದಿಲ್ಲ ಎಂದಳು. ಬಿಳಿಯದ್ದೂ ಬೇಡ, ಯಾವುದೂ ಬೇಡ. ಹಬ್ಬಕ್ಕೆ ಎರಡು ದಿನ ಇತ್ತು. ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿತ್ತು. ಹಿತ್ತಲ ಬಾಗಿಲಲ್ಲಿ ನೆರಳು ಕಂಡು ತಲೆ ಎತ್ತಿದರೆ, ಅಕ್ಕೆರ್! ಒಂದು ಕೈಯಲ್ಲಿ ಅವರ ಮನೆಯ ಬಾಣಲೆ, ಅದರೊಳಗೆ ತೆಂಗಿನಕಾಯಿ. ಇನ್ನೊಂದು ಕೈಯಲ್ಲಿ ಬಾಳೆಲೆಯ ತುಂಡಿನ ತುಂಬ ಬಸಳೆ ಬಳ್ಳಿಯ ಕಪ್ಪಗಿನ ಪುಟ್ಟ ಹಣ್ಣು, ಹಿಂಡಿದರೆ ಬೆರಳೆಲ್ಲ ಗುಲಾಬಿಯಾಗುವಂಥದ್ದು. "ಒಂದೊಂದನ್ನೂ ಬಿಡಿಸಿ ನೋಡಿದ್ದೇನೆ. ಹುಳ ಇಲ್ಲ" ಎಂದರು.

ಅಮ್ಮ ಗಡಬಡಿಸಿ ಸಾರಿನ ಪಾತ್ರೆ ಇಳಿಸಿ ಅದರ ಮೇಲೆ ಅಕ್ಕಿ ಕೇರುವ ಗೆರಸೆ ಕವುಚಿದಳು. ವಾಸನೆಗೆ ಗೆರಸೆ ಮುಚ್ಚಿದರೆ ಆಗುತ್ತದೆಯೇ? "ಅಕ್ಕೆರೆ, ಹೊರಗೆ ಚಾವಡಿಯಲ್ಲಿ ಕೂತ್ಕೊಳ್ಳಿ. ಇಲ್ಲಿ ಬೇಡ, ಇಲ್ಲಿ ಮೀನು ಉಂಟು" ಎಂದು ಅಡ್ಡ ನಿಂತಳು.

ಅಕ್ಕೆರ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಷ್ಟು ವರ್ಷದಲ್ಲಿ ಒಮ್ಮೆಯೂ ದಾಟದ ಹೊಸ್ತಿಲನ್ನು ದಾಟಿ ಒಳಗೆ ಬಂದು, ತುರಿಯುವ ಮಣೆಯನ್ನು ತಾವೇ ಎಳೆದುಕೊಂಡು ಕೂತರು.

"ಇಷ್ಟು ವರ್ಷ ನೀವು ಒಬ್ಬರೇ ಮಾಡಿದ್ರಿ, ತಪ್ಪನ್ನೂ ಒಬ್ಬರೇ ಹೊತ್ರಿ" ಎಂದರು. "ಇನ್ನು ಇಬ್ಬರೂ ಕೂತು ಮಾಡುವ, ಬಾಯಮ್ಮ. ತಪ್ಪಾದ್ರೆ ಇಬ್ಬರದ್ದೂ ಆಗ್ಲಿ."