ಉಪ್ಪಿನ ಪ್ಯಾಕೆಟ್ ಒಡೆದ ದಿನ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ವಿದ್ಯಾರ್ಥಿಗಳೂ ಹೇಳುತ್ತಾರೆ. ಮಣಿಪಾಲದಲ್ಲಿ ವರ್ಷಗಟ್ಟಲೆ ಅಂಕಿಅಂಶ ಕಲಿಸಿದವಳು ನಾನು. ಫಾರಂನಲ್ಲಿ ಖಾಲಿ ಬಿಟ್ಟ ಕಾಲಂ ಕಂಡರೆ ನನ್ನ ಬಿಪಿಯೇ ಮೊದಲು ಏರುತ್ತದೆ. ಅಂಥ ನಾನು ಒಬ್ಬ ಹೆಂಗಸು ಖಾಲಿ ಬಿಟ್ಟ ಕಾಲಮ್ಮಿಗೆ ಇವತ್ತಿಗೂ ಋಣಿಯಾಗಿದ್ದೇನೆ.

ಕಾಪುವಿನ ಸುತ್ತಲಿನ ಊರುಗಳಲ್ಲಿ ರಕ್ತದೊತ್ತಡದ ಅಧ್ಯಯನ ಆಗಬೇಕಿತ್ತು. ಹಿಂದೆಲ್ಲ ಇಂಥ ಕೆಲಸಕ್ಕೆ ಹೊರಗಿನ ಏಜೆನ್ಸಿಯವರು ಬಂದು, ಬೈಕಿನಲ್ಲಿ ಸುತ್ತಿ, ಫಾರಂ ತುಂಬಿಸಿಕೊಂಡು ಹೋಗುತ್ತಿದ್ದರು. ಊರಿಗೆ ಉಳಿಯುತ್ತಿದ್ದದ್ದು ಗೋಡೆಯ ಮೇಲಿನ ಸೀಮೆಸುಣ್ಣದ ನಂಬರು ಮಾತ್ರ. ಈ ಸಲ ಊರಿನ ಹೆಂಗಸರಿಗೇ ಕಲಿಸಿ ಅವರಿಂದಲೇ ಮಾಡಿಸೋಣ ಎಂದು ಹಠ ಹಿಡಿದವಳು ನಾನೇ. ಆರು ಮಂದಿ ಸಿಕ್ಕಿದರು. ಅವರಲ್ಲಿ ಒಬ್ಬಳು ಉಚ್ಚಿಲದವಳು. ಹತ್ತನೇ ತರಗತಿ ಮುಗಿಸಿ ಬೀಡಿ ಕಟ್ಟಲು ಕುಳಿತವಳು, ಈ ಕೆಲಸ ಸಿಕ್ಕಿತೆಂದು ಬೀಡಿ ಬಿಟ್ಟಿದ್ದಳು. ಗಂಡನ ಸೊಂಟ ಹಿಡಿದು ಅವನು ದೋಣಿಗೆ ಹೋಗುವುದು ನಿಂತಿದ್ದರಿಂದ ಮನೆ ನಡೆಯುವುದು ಅವಳ ದುಡಿಮೆಯಲ್ಲೇ.

ತರಬೇತಿಯಲ್ಲಿ ನಾನು ಒಂದು ಮಾತನ್ನು ಅವರ ಕಿವಿ ತೂತಾಗುವಷ್ಟು ಸಲ ಹೇಳಿದ್ದೆ: ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಬ್ಬರ ಮುಂದೆ ಬಾಯಿ ಬಿಡಬಾರದು, ನಾನೇ ಕೇಳಿದರೂ ಬಿಡಬಾರದು. ಅಭ್ಯಾಸಕ್ಕೆಂದು ಎಲ್ಲರೂ ತಮ್ಮ ತಮ್ಮ ಮನೆಯ ಫಾರಂ ತುಂಬಿದೆವು. ಕಾರ್ಕಳದ ನನ್ನ ಮನೆಯದನ್ನು ನಾನೂ ತುಂಬಿದೆ. ‘ದಿನಕ್ಕೆ ಎಷ್ಟು ಚಮಚ ಉಪ್ಪು?’ ಎಂಬಲ್ಲಿ ತಲೆಗೆ ಒಂದು ಎಂದು ಠೀವಿಯಿಂದ ಬರೆದೆ.

ತಿಂಗಳೊಳಗೆ ಫಾರಂಗಳು ಬಂದವು. ಐವರು ಉಪ್ಪಿನ ಕಾಲಂನಲ್ಲಿ ಎರಡು, ಎರಡು, ಎರಡು ಎಂದು ಮುದ್ದಾಗಿ ಬರೆದಿದ್ದರು. ಉಚ್ಚಿಲದವಳ ಕಟ್ಟಿನಲ್ಲಿ ಬಿಪಿ ಉಂಟು, ತೂಕ ಉಂಟು, ಉಪ್ಪಿನ ಕಾಲಂ ಮಾತ್ರ ಒಂದರಲ್ಲೂ ತುಂಬಿಲ್ಲ! ನನ್ನ ತಲೆ ಗಿರ್ ಎಂದಿತು.

“ಇದು ಎಂತ? ಕೇಳ್ಲಿಕ್ಕೆ ಸೋಮಾರಿತನವಾ?”

“ಕೇಳಿದ್ದೇನೆ ಮೇಡಂ. ಬರೆದ್ರೆ ಸುಳ್ಳಾಗ್ತದೆ.”

ಹೇಗೆ ಸುಳ್ಳಾಗುತ್ತದೆ ಎಂದು ಕೇಳುವ ತಾಳ್ಮೆ ನನಗೆಲ್ಲಿ? ಎಲ್ಲರೆದುರೇ “ನಾಳೆಯಿಂದ ಬರುವುದು ಬೇಡ” ಎಂದುಬಿಟ್ಟೆ. ಅವಳು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಕೊಡೆ ತೆಗೆದುಕೊಂಡು ಹೋದಳು.

ಬಿಪಿ ಮಿಶನ್ ಅವಳ ಮನೆಯಲ್ಲೇ ಉಳಿದಿತ್ತು. ಎರಡು ದಿನ ಬಿಟ್ಟು ಅದನ್ನು ತರಲು ನಾನೇ ಉಚ್ಚಿಲಕ್ಕೆ ಹೋದೆ. ಮಧ್ಯಾಹ್ನದ ಹೊತ್ತು. ಮಿಶನ್ ಒರೆಸಿ, ಪೆಟ್ಟಿಗೆಯಲ್ಲಿಟ್ಟು, ನನಗಾಗಿ ತೆಗೆದಿಟ್ಟಿದ್ದಳು. ಕೆಲಸದಿಂದ ತೆಗೆದವಳು ಬಂದಿದ್ದಾಳೆಂದು ಮುಖ ಗಂಟು ಹಾಕಲಿಲ್ಲ ಆ ಪುಣ್ಯಾತ್ಗಿತ್ತಿ. “ಬಿಸಿಲಲ್ಲಿ ಬಂದಿದ್ದೀರಿ, ಸ್ವಲ್ಪ ಗಂಜಿ ಉಂಡು ಹೋಗಿ” ಎಂದಳು. ಕುಚ್ಚಲಕ್ಕಿ ಗಂಜಿ, ಒಣ ಸಿಗಡಿಯ ಚಟ್ನಿ. ಗಂಜಿಗೆ ಉಪ್ಪು ಸಾಲದೆಂದು ಚಮಚಕ್ಕಾಗಿ ಅತ್ತಿತ್ತ ನೋಡಿದೆ. ಅವಳು ಒಂದು ಭರಣಿಯನ್ನು ನನ್ನ ಮುಂದೆ ಸರಿಸಿದಳು. ಅದರಲ್ಲಿದ್ದದ್ದು ಕಲ್ಲುಪ್ಪು ಕರಗಿಸಿದ ನೀರು, ಮೇಲೊಂದು ತೆಂಗಿನ ಗೆರಟೆಯ ಸೌಟು. ನಾನು ಒಂದಿಷ್ಟು ಸುರಿದುಕೊಂಡೆ.

“ಈಗ ಹೇಳಿ ಮೇಡಂ, ಅದು ಎಷ್ಟು ಚಮಚ?”

ನನ್ನ ಅಜ್ಜಿಯ ಮನೆಯಲ್ಲೂ ಇಂಥದೇ ಭರಣಿ ಇತ್ತು. ಉಪ್ಪುನೀರು ಉಂಡೇ ಬೆಳೆದವಳು ನಾನು, ಪ್ರಶ್ನೆ ಬರೆಯುವಾಗ ಮಾತ್ರ ಚಮಚ ಹಿಡಿದುಕೊಂಡು ಕುಳಿತಿದ್ದೆ. ನಾಚಿಕೆಯಾಯಿತು.

“ಇಲ್ಲಿ ಸುಮಾರು ಮನೆಯಲ್ಲಿ ಹೀಗೇ. ನಾವು ಚಮಚ ಕೇಳಿದ್ರೆ ಪಾಪ, ನಮಗೆ ಬೇಜಾರಾಗ್ಬಾರದು ಅಂತ ಎರಡು ಅಂತಾರೆ,” ಎಂದು ನಕ್ಕಳು. ಆಮೇಲೆ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನಕ್ಕೆ ಎಲ್ಲರ ಮನೆಯಲ್ಲೂ ಒಂದು ಸುತ್ತು ಹಾಕುತ್ತಾರಲ್ಲ, ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಗುರುತು ಇತ್ತು.

“ಇದು ಉಪ್ಪಿನ ಪ್ಯಾಕೆಟ್ ಒಡೆದ ದಿನ. ಮುಂದಿನ ಪ್ಯಾಕೆಟ್ ಒಡೆದಾಗ ಇನ್ನೊಂದು. ನಡುವೆ ಎಷ್ಟು ದಿನ, ಮನೆಯಲ್ಲಿ ಉಂಡವರು ಎಷ್ಟು ಜನ ನೋಡಿದ್ರೆ ಆಯ್ತಲ್ವಾ? ಮೀನಿಗೆ ಹಚ್ಚಿ ತೊಳೆದದ್ದು, ಹಲಸಿನ ಸೊಳೆ ಉಪ್ಪಿಗೆ ಹಾಕಿದ್ದು ಬೇರೆ ಬರೀಬೇಕು. ನನ್ನ ಪಾಲಿನ ಮನೆಗಳಲ್ಲೆಲ್ಲ ಗುರುತು ಹಾಕಿಸಿದ್ದೇನೆ. ಎರಡನೇ ಪ್ಯಾಕೆಟ್ ಒಡೆಯಲಿ, ಆಗ ತುಂಬುವ ಅಂತ ಬಿಟ್ಟದ್ದು.”

ಎಲಾ ಇವಳ! ಎಂದುಕೊಂಡೆ. ಅಂಕಿಅಂಶದ ಒಂದು ಪುಸ್ತಕವನ್ನೂ ತೆರೆದವಳಲ್ಲ. ಸುಳ್ಳು ಅಂಕಿಗಿಂತ ಖಾಲಿ ಕಾಲಂ ವಾಸಿ ಎಂದು ನಾನು ವರ್ಷವಿಡೀ ತರಗತಿಯಲ್ಲಿ ಒದರಿದರೂ ಯಾರ ತಲೆಗೂ ಹೋಗದ ಪಾಠವನ್ನು ಇವಳು ಕೆಲಸ ಕಳೆದುಕೊಂಡು ಪಾಲಿಸಿದ್ದಳು. “ತಪ್ಪಾಯ್ತು ಮಾರಾಯ್ತಿ, ನಾಳೆ ಬಾ” ಎಂದೆ. ಮಿಶನ್ ಅಲ್ಲೇ ಬಿಟ್ಟು ಬಂದೆ. ಆರೂ ಮಂದಿ ಅವಳಿಂದ ಕಲಿತು ಎಲ್ಲ ಮನೆಗಳಿಗೆ ಮತ್ತೆ ಹೋದರು. ನಾನೂ ನನ್ನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡನೇ ಪ್ಯಾಕೆಟ್ ಒಡೆದ ಮೇಲೆ ಆ ಹಳೆಯ ಫಾರಂನಲ್ಲೇ ಅದನ್ನೂ ಬರೆದು ಅವಳ ಕೈಗೆ ಕೊಟ್ಟೆ. ಬಂದ ಲೆಕ್ಕವನ್ನು ಬೇರೆ ಯಾರಿಗೂ ಹೇಳಲಿಲ್ಲ, ಅಷ್ಟು ಮುಜುಗರ.

ವರ್ಷದ ಕೊನೆಗೆ, ಅಧ್ಯಯನಕ್ಕೆ ನೆರವು ಕೊಟ್ಟವರ ಕಡೆಯಿಂದ ಮೂವರು ಪರಿಶೀಲನೆಗೆ ಮಣಿಪಾಲಕ್ಕೆ ಬಂದರು. ಮುಂದಿನ ಸುತ್ತು ಈ ಹೆಂಗಸರಿಗೋ ಹೊರಗಿನ ಏಜೆನ್ಸಿಗೋ ಎಂಬುದು ಆ ದಿನವೇ ತೀರ್ಮಾನವಾಗಬೇಕಿತ್ತು. ಉಪ್ಪಿನ ವಿಷಯ ಹೇಳಲು ಅವಳನ್ನೇ ನಿಲ್ಲಿಸಿದೆ. ಮೊದಲು ಸೆರಗಿನ ತುದಿ ಹಿಡಿದುಕೊಂಡಿದ್ದವಳು ಐದು ನಿಮಿಷದಲ್ಲಿ ಬೋರ್ಡಿನ ಮೇಲೆ ಕ್ಯಾಲೆಂಡರ್ ಬರೆದು ವಿವರಿಸತೊಡಗಿದಳು. ನನಗೋ ಹೆಮ್ಮೆಯೋ ಹೆಮ್ಮೆ.

ಮೂವರಲ್ಲಿ ಹಿರಿಯರು ಕನ್ನಡದವರೇ. ಸುಲಭಕ್ಕೆ ಒಪ್ಪುವವರಲ್ಲ. “ಹಳ್ಳಿಯವರಿಗೆ ಚಮಚ ಗೊತ್ತಾಗದೆ ಇರಬಹುದು. ಓದಿದವರು ಸರಿಯಾಗಿ ಹೇಳುತ್ತಾರಲ್ಲ?”

“ಇಲ್ಲ ಸರ್. ಒಂದು ಮನೆ ಉಂಟು, ತುಂಬಾ ಓದಿದವರು. ತಲೆಗೆ ಒಂದು ಚಮಚ ಅಂತ ಬರೆದಿದ್ರು. ಪ್ಯಾಕೆಟ್ ಲೆಕ್ಕದಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ ಬಂತು.”

ನನ್ನ ಕಿವಿ ಬಿಸಿಯಾಯಿತು.

“ಯಾರ ಮನೆ?”

“ಹೇಳುವ ಹಾಗಿಲ್ಲ ಸರ್.”

“ಹೇಳದಿದ್ದರೆ ನಂಬುವುದು ಹೇಗೆ? ನೋಡಿ, ನಿಮ್ಮ ಮುಂದಿನ ಕೆಲಸ ಇದರ ಮೇಲೆ ನಿಂತಿದೆ.”

ಅವಳು ಒಂದು ಕ್ಷಣ ನೆಲ ನೋಡಿದಳು. ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. “ಆದ್ರೂ ಹೇಳುವ ಹಾಗಿಲ್ಲ. ಯಾರು ಕೇಳಿದ್ರೂ ಬಾಯಿ ಬಿಡ್ಬಾರದು ಅಂತ ನಮಗೆ ಕಲಿಸಿದ್ದಾರೆ,” ಎಂದಳು.

ನಾನು ಎದ್ದು ನಿಂತೆ. “ಅದು ನನ್ನ ಮನೆ,” ಎಂದೆ.

ಹಿರಿಯರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಫೈಲು ಮುಚ್ಚಿದರು. “ಮುಂದಿನ ಸುತ್ತು ಇವರೇ ಮಾಡಲಿ,” ಎಂದರು.

ಸಂಜೆ ಬಸ್‌ಸ್ಟಾಪಿನಲ್ಲಿ ಅವಳ ಜೊತೆ ನಿಂತಿದ್ದಾಗ ತಡೆಯಲಾರದೆ ಕೇಳಿದೆ: “ನಾನು ಏಳದೆ ಇದ್ದಿದ್ರೆ ನೀನು ಎಂತ ಮಾಡ್ತಿದ್ದೆ?”

“ಎಂತ ಮಾಡುವುದು ಮೇಡಂ, ಬೀಡಿ ಕಟ್ತಿದ್ದೆ,” ಎಂದು ಹೇಳಿ, ಉಡುಪಿ ಬಸ್ಸು ಬಂದದ್ದು ಕಂಡು ಕೊಡೆ ಮಡಚಿಕೊಂಡು ಓಡಿದಳು.