ಮೂರನೇ ಪ್ರಾಶಸ್ತ್ಯದ ಮತ

ರಾಜಕೀಯದಲ್ಲಿ ನನಗೆ ತಿಳಿಯದ ವಿಷಯವೇ ಇಲ್ಲ ಎಂಬ ನಂಬಿಕೆ ನನಗೆ ಬಹುಕಾಲ ಇತ್ತು. ಬೇರೆಯವರೂ ಹಾಗೇ ನಂಬಿದ್ದಾರೆ ಎಂಬ ಇನ್ನೊಂದು ನಂಬಿಕೆ ಅದರ ಜೊತೆಗಿತ್ತು. ಪುಣೆಯ ಸದಾಶಿವ ಪೇಠದಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣ ಮಾರುವ ಅಂಗಡಿ ನನ್ನದು. ಖಣ ಆರಿಸುವ ಹೆಂಗಸರ ಜೊತೆ ಬಂದ ಗಂಡಂದಿರಿಗಾಗಿ ಒಂದು ಬೆಂಚು ಹಾಕಿದ್ದೆ. ಹೆಂಡತಿಯ ಆಯ್ಕೆ ಮುಗಿಯುವವರೆಗೆ ಪಾಪ, ಅವರು ಓಡಿಹೋಗುವಂತಿರಲಿಲ್ಲ. ಮಹಾರಾಷ್ಟ್ರ ವಿಧಾನಸಭೆಯ ಇನ್ನೂರ ಎಂಬತ್ತೆಂಟು ಸ್ಥಾನಗಳಲ್ಲಿ ಯಾವುದು ಯಾರ ಪಾಲಿಗೆ ಎಂದು ನಾನು ಅವರಿಗೆ ಹಂಚಿ ತೋರಿಸುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು. ತೂಕಡಿಸಿದರೂ ತಲೆ ಆಡುತ್ತದೆಂಬುದು ಆಗ ನನಗೆ ಹೊಳೆದಿರಲಿಲ್ಲ.

ನಾನು ಹೇಳಹೊರಟಿರುವುದು ಎರಡು ಸಾವಿರದ ಈಚಿನ ಮಾತು. ಪುಣೆಯ ಹೊರವಲಯದ ವಾಕಡದ ಹೊಲಗಳಲ್ಲಿ ಕಟ್ಟಡಗಳು ಏಳುತ್ತಿದ್ದವು. ಅಲ್ಲೊಂದು ಫ್ಲ್ಯಾಟು ಹಿಡಿದು, ಮದುವೆಯಾದಾಗಿನಿಂದ ನಾವು ಬಾಡಿಗೆಗಿದ್ದ ಪೇಠದ ಹಳೆಯ ವಾಡೆಯ ಮಹಡಿಯನ್ನು ಬಿಟ್ಟುಬಿಡುವುದೆಂದು ನಾನು ನಿಶ್ಚಯಿಸಿದ್ದೆ. ಲಿಫ್ಟು, ಗಾಡಿ ನಿಲ್ಲಿಸಲು ಜಾಗ, ದಿನವಿಡೀ ನೀರು. ಹೆಂಡತಿ ಶಾರದೆಯನ್ನು ಕೇಳಿದ್ದೆ ಕೂಡ. "ನಿಮ್ಮ ಮರ್ಜಿರೀ" ಅಂದಿದ್ದಳು. ನಮ್ಮ ಮನೆಯಲ್ಲಿ ಎಲ್ಲ ಮಸೂದೆಗಳೂ ಈ ಎರಡು ಶಬ್ದಗಳಿಂದಲೇ ಪಾಸಾಗಿದ್ದವು. ಬಿಲ್ಡರನಿಗೆ ಮಾತು ಕೊಟ್ಟಾಗಿತ್ತು, ಬರುವ ವಾರ ಸಹಿ ಮಾಡುವುದಷ್ಟೇ ಬಾಕಿ.

ಅಷ್ಟರಲ್ಲಿ ಒಂದು ಸಂಜೆ ಒಬ್ಬ ನಿವೃತ್ತ ಪ್ರಾಧ್ಯಾಪಕರು ಯಾವನೋ ಅಭ್ಯರ್ಥಿಯ ಪರವಾಗಿ ಮತ ಕೇಳಲು ಮನೆಗೆ ಬಂದರು. ನಾನು ಅಂಗಿಯ ಗುಂಡಿ ಹಾಕಿಕೊಂಡು, ಮತದಾರನಿಗೆ ತಕ್ಕ ಗಾಂಭೀರ್ಯ ತಂದುಕೊಂಡು ಎದುರಿಗೆ ನಿಂತೆ. ಅವರು ನನ್ನ ಭುಜದ ಮೇಲಿಂದ ಒಳಗೆ ಇಣುಕಿ, "ವಹಿನಿ ಆಹೇತ ಕಾ?" ಎಂದರು. ಅತ್ತಿಗೆಯವರು ಇದ್ದಾರೆಯೇ! ನಾನು ದಂಗಾದೆ. ಅವರಿಗೆ ಬೇಕಾದದ್ದು ಶಾರದೆಯ ಮತ. ನನಗೆ ಮತವೇ ಇರಲಿಲ್ಲ.

ಇದು ವಿಧಾನ ಪರಿಷತ್ತಿನ, ಅಂದರೆ ಮೇಲ್ಮನೆಯ ಪದವೀಧರ ಕ್ಷೇತ್ರದ ಚುನಾವಣೆ. ಆ ಮನೆಯ ರಚನೆ ನಮ್ಮ ಕಡೆಯ ಬುತ್ತಿಯ ಹಾಗೆ, ಒಂದೊಂದು ಮೂಲೆಯಲ್ಲಿ ಒಂದೊಂದು ಪದಾರ್ಥ. ಶಾಸಕರು ಆರಿಸಿದವರು ಒಂದಷ್ಟು, ನಗರಪಾಲಿಕೆ ಜಿಲ್ಲಾ ಪರಿಷತ್ತಿನವರು ಆರಿಸಿದವರು ಒಂದಷ್ಟು. ಕಲೆ, ಸಾಹಿತ್ಯ, ಸಹಕಾರ ಎಂದು ರಾಜ್ಯಪಾಲರು ನೇಮಿಸಿದವರು ಹನ್ನೆರಡು. ಶಿಕ್ಷಕರು ಆರಿಸಿದವರು ಏಳು, ಪದವೀಧರರು ಆರಿಸಿದವರು ಏಳು. ಸೀರೆ ವ್ಯಾಪಾರಿಗಳು ಆರಿಸಿದವರು ಎಂದು ಎಲ್ಲಿಯೂ ಇಲ್ಲ. ಶಾರದೆ ಧಾರವಾಡದ ಬಿ.ಎ. ನಾನು ಕಾಲೇಜನ್ನು ಅರ್ಧಕ್ಕೆ ಬಿಟ್ಟು ಅಂಗಡಿಯ ಗಾದಿ ಏರಿದವನು. ಈ ವ್ಯತ್ಯಾಸ ಮದುವೆಯಲ್ಲೇ ಎಲ್ಲರಿಗೂ ಗೊತ್ತಿತ್ತು, ಆದರೆ ಸರಕಾರ ಅದನ್ನು ಇನ್ನೂ ನೆನಪಿಟ್ಟುಕೊಂಡಿದೆ ಎಂದು ನಾನು ಎಣಿಸಿರಲಿಲ್ಲ.

ಪದವೀಧರರು ಈ ಮತಕ್ಕೆ ಬೇರೆಯಾಗಿಯೇ ಹೆಸರು ನೋಂದಾಯಿಸಬೇಕು. ಪ್ರಾಧ್ಯಾಪಕರು ಹೋದ ಮೇಲೆ, ನನಗೆ ಹೇಳದೆ ಯಾವಾಗ ನೋಂದಾಯಿಸಿದೆ ಎಂದು ಕೇಳಿದೆ.

"ಹೇಳಿದ್ನಲ್ರೀ," ಎಂದಳು ಶಾರದೆ. "ನೀವು ಆಗ ಭಾಷಣಾ ಮಾಡ್ಲಿಕ್ಕೆ ಹತ್ತಿದ್ರಿ."

ನಮ್ಮ ಮನೆತನಕ್ಕೂ ಶಾಸಕಾಂಗಕ್ಕೂ ಇರುವ ನಂಟು ಹಳೆಯದು ಎಂಬುದು ನನ್ನ ಸಂಕಟಕ್ಕೆ ಇನ್ನೊಂದು ಕಾರಣ. ನಮ್ಮಪ್ಪ ಬಾಗಲಕೋಟೆಯಲ್ಲಿ ಕೂತು ಮುಂಬೈ ವಿಧಾನಸಭೆಗೆ ಮತ ಹಾಕಿದವರು. ಆಗ ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ಎಲ್ಲ ಮುಂಬೈ ರಾಜ್ಯದಲ್ಲಿದ್ದವು, ನಮ್ಮ ಕಡೆಯ ಶಾಸಕರು ರೈಲು ಹತ್ತಿ ಅರಬ್ಬೀ ಸಮುದ್ರದ ದಂಡೆಗೆ ಹೋಗುತ್ತಿದ್ದರು. ರಾಜ್ಯಗಳು ಪುನರ್ರಚನೆಯಾದಾಗ ಅಪ್ಪ ಕೂತಲ್ಲೇ ಕೂತು ಮೈಸೂರು ರಾಜ್ಯ ಸೇರಿದರು. ನಾನು ಬಸ್ಸು ಹತ್ತಿ ಮತ್ತೆ ಈ ಕಡೆ ಬಂದೆ. ಬ್ರಿಟಿಷರ ಕಾಲದಲ್ಲಿ ಮುಂಬೈಯ ಶಾಸಕಾಂಗ ಮಳೆಗಾಲಕ್ಕೆ ಪುಣೆಗೇ ಬಂದು ಕೂರುತ್ತಿತ್ತು, ಆ ಕೌನ್ಸಿಲ್ ಹಾಲ್ ಇವತ್ತಿಗೂ ನಿಂತಿದೆ. ಅದರ ಮುಂದೆ ಸ್ಕೂಟರ್ ಮೇಲೆ ಹೋಗುವಾಗಲೆಲ್ಲ ನನಗೆ ಸ್ವಂತ ಆಸ್ತಿಯ ಮುಂದೆ ಹೋದಂತೆ ಅನಿಸುತ್ತಿತ್ತು. ಈಗ ಅದೇ ಶಾಸಕಾಂಗದ ಅರ್ಧಭಾಗ ನನ್ನನ್ನು ಹೊರಗೆ ನಿಲ್ಲಿಸಿತ್ತು.

ಇರಲಿ, ನನಗಿಲ್ಲದಿದ್ದರೇನು, ಹೆಂಡತಿಗಿದ್ದರೆ ನನಗೇ ಇದ್ದಂತೆ ಎಂದು ಸಮಾಧಾನ ಮಾಡಿಕೊಂಡೆ. ಯಾರಿಗೆ ಹಾಕಬೇಕೆಂದು ಶಾರದೆಗೆ ಹೇಳಿದೆ. ಹೇಗೆ ಹಾಕಬೇಕೆಂದೂ ಹೇಳಿದೆ. ಅದು ತಪ್ಪಾಗಿತ್ತು. ಇಲ್ಲಿ ಶಿಕ್ಕಾ ಒತ್ತುವುದಿಲ್ಲ, ಗುಂಡಿಯೂ ಇಲ್ಲ. ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಮೊದಲ ಪ್ರಾಶಸ್ತ್ಯದವನು ಸ್ಪರ್ಧೆಯಿಂದ ಹೊರಬಿದ್ದರೆ ಆ ಮತ ಎರಡನೆಯವನಿಗೆ, ಅವನೂ ಬಿದ್ದರೆ ಮೂರನೆಯವನಿಗೆ. ಬಿ.ಎ., ಎಂ.ಎ. ಮಾಡಿದವರೇ ಅಂಕಿ ಬಿಟ್ಟು ರೈಟ್ ಗುರುತು ಹಾಕಿ ಮತ ಕೆಡಿಸಿ ಬರುತ್ತಾರಂತೆ. ಶಾರದೆ ಕೆಡಿಸಲಿಲ್ಲ. ಮತಗಟ್ಟೆಯ ಹೊರಗೆ ಸ್ಕೂಟರ್ ಹಿಡಿದು ನಿಂತಿದ್ದ ನನ್ನ ಕಡೆ ನಗುತ್ತಲೇ ಬಂದಳು.

"ನಮ್ಮವರಿಗೆ ಕೊಟ್ಟಿ ಹೌದಿಲ್ಲೊ?" ಎಂದೆ.

"ಕೊಟ್ಟೀನ್ರೀ. ಮೂರನೇ ನಂಬರ."

ಸ್ಕೂಟರ್ ಕೈಯಿಂದ ಜಾರಿತು. ಮೂರನೆಯದು! ಮೊದಲಿನವನು ಸೋತು, ಎರಡನೆಯವನೂ ಸೋತು, ಲೋಕದಲ್ಲಿ ಬೇರೆ ಗತಿಯೇ ಇಲ್ಲದಾಗ ನನ್ನ ಮನುಷ್ಯ. ಸ್ಕೂಟರನ್ನು ಎತ್ತಿ ನಿಲ್ಲಿಸುವಾಗ ಅದಕ್ಕಿಂತ ಭಯಂಕರವಾದ ಸಂಶಯವೊಂದು ತಲೆ ಎತ್ತಿತು.

"ಹಂಗಾರ ಇಷ್ಟು ವರ್ಷ ಅಸೆಂಬ್ಲಿಗೆ ಯಾರಿಗೆ ಹಾಕ್ಕೋತ ಬಂದಿ?"

"ಅಲ್ಲಿ ಒಬ್ಬರಿಗೇ ಹಾಕಬೇಕಲ್ರೀ," ಎಂದಳು, ಮಗುವಿಗೆ ತಿಳಿಸುವಂತೆ. "ನಿಮ್ಮವರಿಗೆ ಮೂರನೇ ನಂಬರ ಕೊಡಾಕ ಅಲ್ಲಿ ಜಾಗಾನ ಇರಲಿಲ್ಲ."

ಪ್ರತಿ ಚುನಾವಣೆಗೂ ನಾವು ಜೊತೆಯಾಗಿ ಹೋಗುತ್ತಿದ್ದೆವು, ನಾನು ಮುಂದೆ, ಅವಳು ಹಿಂದೆ. ನಾನು ಹಾಕಿದ ಮತವನ್ನು ಅವಳು ಬೆನ್ನಿಗೇ ಬಂದು ಹೊಡೆದುಹಾಕುತ್ತಿದ್ದಳು! ಇಬ್ಬರೂ ಮನೆಯಲ್ಲೇ ಕೂತು ಅವಲಕ್ಕಿ ತಿಂದಿದ್ದರೂ ರಾಜ್ಯದ ಫಲಿತಾಂಶ ಅದೇ ಇರುತ್ತಿತ್ತು. ಸಿಟ್ಟು ಬರಬೇಕಾಗಿತ್ತು. ಬಂದದ್ದು ಭಯ. ಇನ್ನೂರ ಎಂಬತ್ತೆಂಟು ಕ್ಷೇತ್ರಗಳ ಮನಸ್ಸು ಬಲ್ಲ ನಾನು ಒಂದೇ ಒಂದು ಮನಸ್ಸಿನ ಎದುರು ಠೇವಣಿ ಕಳೆದುಕೊಂಡು ನಿಂತಿದ್ದೆ.

ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ "ನಿಮ್ಮ ಮರ್ಜಿರೀ" ಎಂಬ ಮಾತೇ ಗುಂಯ್‌ಗುಡುತ್ತಿತ್ತು. ಅದು ಒಪ್ಪಿಗೆ ಎಂದು ನನಗೆ ಹೇಳಿದವರು ಯಾರು? ಅವಳ ಭಜನೀ ಮಂಡಳಿ ಇದೇ ಗಲ್ಲಿಯಲ್ಲಿ, ತರಕಾರಿಯವಳೊಡನೆ ಜಗಳ ಇದೇ ಗಲ್ಲಿಯಲ್ಲಿ, ಸಂಜೆ ಮಹಡಿಯ ಗ್ಯಾಲರಿಯಲ್ಲಿ ನಿಂತರೆ ಮಾತಿಗೆ ಸಿಗುವವರೆಲ್ಲ ಇದೇ ಗಲ್ಲಿಯವರು. ವಾಕಡದಲ್ಲಿ ಅವಳಿಗೆ ಲಿಫ್ಟು ಸಿಗುತ್ತಿತ್ತು. ಇದನ್ನೆಲ್ಲ ನಾನು ಮೊದಲ ಸಲ ಯೋಚಿಸಿದ್ದು ಆ ಸ್ಕೂಟರ್ ಮೇಲೆ ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ.

ಮನೆ ಮುಟ್ಟಿದ ಮೇಲೆ ಅವಳು ಚಹಾಕ್ಕೆ ನೀರಿಟ್ಟಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಆದಷ್ಟು ಹಗುರವಾಗಿ ಕೇಳಿದೆ: "ಶಾರದಾ, ವಾಕಡದ ಮನಿಗೆ ನೀ ಎಷ್ಟನೇ ನಂಬರ ಕೊಡ್ತಿ?"

ಅವಳು ತಿರುಗಿ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಮತದ ಚೀಟ್ಯಾಗ ಬ್ಯಾರೆ ಯಾರ ಹೆಸರದಾವ್ರೀ?" ಎಂದಳು.

ಚೀಟಿಯಲ್ಲಿ ಒಂದೇ ಹೆಸರಿತ್ತು, ವಾಕಡ. ಅದನ್ನು ಬರೆದವನೂ ನಾನೇ, ಅವಿರೋಧ ಆಯ್ಕೆಯಾಯಿತೆಂದು ಪೇಠೆಯಲ್ಲೆಲ್ಲ ಪೇಢೆ ಹಂಚಿ ಬಂದವನೂ ನಾನೇ.