ಮೊದಲಿನ ರಕ್ತ

ಬಾಯಿಯವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಪಾಲಕ ಸೊಪ್ಪಿನ ಎಲೆಗಳ ನಡುನಾರನ್ನು ಅವರು ಆ ಉಗುರಿನಿಂದಲೇ ಚಿವುಟಿ ತೆಗೆಯುತ್ತಿದ್ದರು. ಬಾಯಿ ಅಂತ ನಾವೆಲ್ಲ ಕರೆಯುತ್ತಿದ್ದ ಮೇಡಂ ಅವರು; ಧಾರವಾಡದ ಕಡೆಯವರು, ಪುಣೆಯ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿ. ತೊಂಬತ್ತರ ದಶಕದಲ್ಲಿ ನಿಮ್ಮ ಅಜ್ಜ ತೀರಿಕೊಂಡ ಮೇಲೆ, ಅಲ್ಲಿ ಗಾಜಿನ ಸಾಮಾನು ತೊಳೆದು ಮೊಲಗಳಿಗೆ ಮೇವು ಹಾಕುವ ಕೆಲಸವನ್ನು ನನಗೆ ಕೊಡಿಸಿದವರು ಅವರೇ.

ಬೆಳಕು ಬಿದ್ದಾಗ ಎಲೆ ಆಮ್ಲಜನಕ ಬಿಡುತ್ತದಲ್ಲ, ಅದನ್ನು ತಯಾರಿಸುವ ಭಾಗ ಯಾವುದೆಂದು ಅವರು ಹುಡುಕುತ್ತಿದ್ದರು. ಎಲೆಯ ಒಂದು ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ, ಅದನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳು ಮೊಲದ ರಕ್ತದಲ್ಲಿ ಹುಟ್ಟುತ್ತವೆ. ಆ ರಕ್ತದ ತಿಳಿಯನ್ನು ಪಾಲಕದ ರಸಕ್ಕೆ ಬೆರೆಸಿ ದೀಪ ಹಾಕುತ್ತಿದ್ದರು. ಆಮ್ಲಜನಕ ಬಂದರೆ ಯಂತ್ರದ ಪೆನ್ನು ಕಾಗದದ ಮೇಲೆ ಏರುಗೆರೆ ಎಳೆಯುತ್ತಿತ್ತು. ಗೆರೆ ಏರದಿದ್ದರೆ, ಬೇಕಾದ ಭಾಗವನ್ನು ಪ್ರತಿಕಾಯ ಹಿಡಿದಿದೆ ಎಂದು ಅರ್ಥ.

ಒಂದು ದಿನ ಗೆರೆ ಮಲಗಿತು. ವಿದ್ಯಾರ್ಥಿಗಳು ಪೇಢೆ ತರಲು ಎದ್ದರು.

"ಕುಂದರ್ರಿ. ಮೊದಲಿನ ರಕ್ತ ಏನಂತದ, ಕೇಳೋಣು" ಅಂದರು ಬಾಯಿ.

ಮೊಲಕ್ಕೆ ಏನನ್ನೂ ಚುಚ್ಚುವ ಮುಂಚೆ ತೆಗೆದಿಟ್ಟ ರಕ್ತ ಅದು. ಅದನ್ನು ಹಾಕಿದಾಗಲೂ ಗೆರೆ ಹಾಗೆಯೇ ಮಲಗಿತು. ಅಂದರೆ ಇದು ಪ್ರತಿಕಾಯದ ಕೆಲಸವಾಗಿರಲಿಲ್ಲ. ವರ್ಷಗಟ್ಟಲೆ ಮಾಡಿದ್ದು ನೀರುಪಾಲಾಯಿತು.

ನಾನು ತೊಟ್ಟಿಯ ಬಳಿ ನಿಂತು ಮೆಲ್ಲಗೆ ಹೇಳಿದೆ: "ಮೊಲಕ್ಕ ನಾ ಕೈ ಹಚ್ಚೀನಲ್ರೀ ಬಾಯಾರ. ನನ್ನ ಕಾಲ್ಗುಣಾನ ಹಂಗದ. ಗಂಡನ್ನೂ ನಾನ ತಿಂದೆ ಅಂತಾರ ನಮ್ಮತ್ತಿ."

"ನಿನ್ನ ಗಂಡಗ ಎದಿಬ್ಯಾನಿ ಯಾವಾಗಿಂದ ಇತ್ತವಾ?"

"ಸಣ್ಣವರಿದ್ದಾಗಿಂದ್ರಿ."

"ಮತ್ತ? ಮೊದಲಿನ ರಕ್ತ ನೋಡಲಾರದನ ಹೇಳ್ಯಾರ ನಿಮ್ಮತ್ತಿ. ನನ್ನ ಕೈಯಾಗ ಕಲ್ತಿದ್ರ ಫೇಲ್ ಮಾಡ್ತಿದ್ದೆ."

ಸೋಪಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕೆ. ಅದು ನನ್ನ ತಪ್ಪಲ್ಲ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಅವರು ರಕ್ತದಿಂದ ಪ್ರತಿಕಾಯಗಳನ್ನಷ್ಟೇ ಬೇರ್ಪಡಿಸಿ ಎಲ್ಲವನ್ನೂ ಹೊಸದಾಗಿ ಮಾಡಿದರು. ಮೊದಲಿನ ರಕ್ತದಿಂದ ತೆಗೆದದ್ದಕ್ಕೆ ಗೆರೆ ಏರಿತು, ನಂತರದ್ದಕ್ಕೆ ಮಲಗಿತು. ಪೇಢೆ ಆಗ ಬಂತು.

ನಿವೃತ್ತರಾದ ಕೆಲವು ವರ್ಷಗಳಲ್ಲಿ ಬಾಯಿ ತೀರಿಕೊಂಡರು. ನಿಮ್ಮ ತಾಯಿ ಪುಣೆ ಪಕ್ಕದ ನಿಗಡಿಯ ನಮ್ಮ ಮನೆ ತುಂಬಿದ್ದು ಅದೇ ವರ್ಷ. ಆಕೆ ಬಂದ ವಾರವೇ ನಿಮ್ಮ ತಂದೆ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿತು. ನನ್ನ ಅತ್ತೆ ನಡುಮನೆಯಲ್ಲಿ ಕೂತು, "ನಿನ್ನ ಸೊಸಿ ಕಾಲ್ಗುಣ ನೋಡು" ಅಂದರು. ಅಡುಗೆಮನೆಯಲ್ಲಿ ಪಾಲಕ ಸೋಸುತ್ತಿದ್ದ ನಿಮ್ಮ ತಾಯಿಯ ಕೈ ನಿಂತಿತು.

ಅತ್ತೆಗೆ ಒಮ್ಮೆಯೂ ಎದುರಾಡದ ನಾನು ಹೇಳಿದೆ: "ದೀಪಾವಳಿಯಿಂದ ಅಲ್ಲಿ ಪಗಾರ ಕೊಟ್ಟಿಲ್ರೀ ಅತ್ತಿ. ಈಕಿ ಬಂದದ್ದು ಮೊನ್ನೆ."

ಒಳಗೆ ಎಲೆ ಚಿವುಟುವ ಸದ್ದು ಮತ್ತೆ ಶುರುವಾಯಿತು.